ಹೆಬ್ಬೆಟ್ಟಿನ ಹಾಜರಿ

ನಮ್ಮ ಕಂಪನಿಯ ಹಾಜರಿ ಪುಸ್ತಕವನ್ನು ರದ್ದಿಗೆ ಹಾಕಿದವಳು ನಾನೇ. ಹೋಟೆಲುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರು ಪೆನ್ನಿನಲ್ಲಿ ಸಹಿ ಹಾಕುವುದು ನಾಚಿಕೆಗೇಡು ಎಂದು ಮಾಲಿಕ ಹಿತೇಶ್ ಸರ್ ಅಂದಿದ್ದರು. ಹಾಗಾಗಿ ನವಿ ಮುಂಬಯಿಯ ಸಾನಪಾಡಾದ ಆಫೀಸಿನ ಬಾಗಿಲ ಬಳಿ, ಹೆಬ್ಬೆಟ್ಟು ಒತ್ತಿದರೆ 'ಥ್ಯಾಂಕ್ ಯೂ' ಎನ್ನುವ ಕಪ್ಪು ಯಂತ್ರ ಬಂತು.

2009ರಲ್ಲಿ ಹಿತೇಶ್ ಸರ್ ಫೋನ್ ಎತ್ತುವುದನ್ನು ನಿಲ್ಲಿಸಿದರು. ನಮ್ಮ ಹನ್ನೆರಡು ಜನರಿಗೆ ನಾಲ್ಕು ತಿಂಗಳ ಪಗಾರ ಬಾಕಿ. ಕಟ್ಟಡದ ಯಜಮಾನ, ಕೆಳಗೆ ಹೋಟೆಲು ನಡೆಸುವ ಸಂಕರ್ಷಣ ರಾಯರಿಗೆ ಹದಿನಾಲ್ಕು ತಿಂಗಳ ಬಾಡಿಗೆ ಬಾಕಿ. ರಾಯರು ಎರಡು ವರ್ಷ ಕೋರ್ಟು ಅಲೆದು ಸಾಮಾನು ಹರಾಜಿಗೆ ಆದೇಶ ತಂದರು. ನಾವು ಲೇಬರ್ ಆಫೀಸಿಗೆ ಅಲೆದೆವು. ಆ ನಾಲ್ಕು ತಿಂಗಳು ಕೆಲಸಕ್ಕೆ ಬಂದಿದ್ದಕ್ಕೆ ಪುರಾವೆ ಎಲ್ಲಿ ಎಂದು ಅಲ್ಲಿಯ ಕ್ಲಾರ್ಕ್ ಪ್ರತಿಸಲವೂ ಕೇಳುತ್ತಿದ್ದ.

ಪುರಾವೆ ಯಂತ್ರದೊಳಗಿತ್ತು. ಯಂತ್ರ ಹರಾಜಿನ ಪಟ್ಟಿಯಲ್ಲಿತ್ತು.

ಹರಾಜಿನ ದಿನ ಡೊಂಬಿವಲಿಯಿಂದ ಹೊರಟು, ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ ಹೋದೆ. ಪರ್ಸಿನಲ್ಲಿ ಮಗಳ ಸ್ಕೂಲ್ ಬಸ್ಸಿನ ಸಾವಿರ ರೂಪಾಯಿ. ಕಂಪ್ಯೂಟರು, ಕುರ್ಚಿ ಎಲ್ಲ ಗುಜರಿ ಕೊಳ್ಳುವ ಭಂಗಾರದವನ ಪಾಲಾದವು. ಯಂತ್ರಕ್ಕೆ ನಾನು ಇನ್ನೂರು ಕೂಗಿದೆ. ಕೋರ್ಟಿನ ಅನುಮತಿ ಪಡೆದು ತಾವೂ ಹರಾಜಿಗೆ ನಿಂತಿದ್ದ ರಾಯರು ಕತ್ತೆತ್ತಿದರು. ಮೂರು ವರ್ಷ ತಮ್ಮ ಹೋಟೆಲಿನಲ್ಲಿ ಅರ್ಧ ಚಹಾಕ್ಕಿಂತ ಹೆಚ್ಚು ಖರ್ಚು ಮಾಡದ ಹೆಂಗಸು ಇನ್ನೂರು ಕೊಡುತ್ತಾಳೆಂದರೆ ಒಳಗೆ ಏನೋ ಇರಲೇಬೇಕು. ಮುನ್ನೂರು ಎಂದರು. ನಾನು ಸಾವಿರದವರೆಗೆ ಹೋದೆ. ಅವರು ಸಾವಿರದ ಐವತ್ತಕ್ಕೆ ಗೆದ್ದು, ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಜಯಕ್ಕ, ಇದು ಎಂತ ಮಾರಾಯ್ರೆ?"

ಹೇಳಿದೆ. ನಮ್ಮ ಪಗಾರದ ಕಥೆಯನ್ನೂ ಹೇಳಿದೆ. ಅವರಿಗೆ ಕೇಳಿಸಿದ್ದು ಮೊದಲರ್ಧ ಮಾತ್ರ. ತಡವಾಗಿ ಬರುವ ತಮ್ಮ ಕೆಲಸದವರನ್ನು ಹಿಡಿಯಲು ದೇವರೇ ಕಳಿಸಿದ ಯಂತ್ರವಂತೆ, ನಾನೇ ಕೂರಿಸಿಕೊಡಬೇಕಂತೆ. ನಾನು ಹಳೆಯ ಹಾಜರಿಯ ಪ್ರಿಂಟ್ ತೆಗೆದುಕೊಳ್ಳಲು ಒಪ್ಪಿದರು. ಆದರೆ ಕಂಪನಿ ಮುಚ್ಚಿದೆಯಾದ್ದರಿಂದ ಯಂತ್ರ ಯಾರದ್ದೋ ಅವರೇ ಪ್ರತಿ ಹಾಳೆಗೆ ಸಹಿ ಹಾಕಬೇಕೆಂದು ಲೇಬರ್ ಆಫೀಸಿನ ಕ್ಲಾರ್ಕ್ ಹೇಳಿದಾಗ ರಾಯರು ಕೈಮುಗಿದರು. ಈ ಜನ್ಮಕ್ಕೆ ಒಂದು ಕೋರ್ಟು ಸಾಕು, ಸಹಿ ಗಿಹಿ ಕೇಳಬೇಡಿ ಎಂದರು.

ಅಡುಗೆಮನೆಯ ಬಾಗಿಲಿಗೆ ಯಂತ್ರ ಕೂರಿಸಿದೆ. ಇಪ್ಪತ್ತೆರಡು ವರ್ಷ ದೋಸೆಕಲ್ಲಿನ ಮುಂದೆ ನಿಂತ ಚೆನ್ನಯ ಹೆಸರು ಸೇರಿಸಲು ಮೊದಲು ಹೆಬ್ಬೆಟ್ಟು ಒತ್ತಿದ. 'ಪ್ಲೀಸ್ ಟ್ರೈ ಅಗೇನ್.' ಪಾತ್ರೆ ತೊಳೆಯುವ ಸತ್ಯಮ್ಮನಿಗೂ ಅದೇ ಉತ್ತರ. ಬೆಂಕಿ, ಸೋಪಿನ ಪುಡಿ ಸೇರಿ ಬೆರಳಿನ ಗೆರೆಗಳೇ ಸವೆದಿದ್ದವು. ಒತ್ತುವುದಕ್ಕೂ ಬರುವುದಿಲ್ಲ ನಿಮಗೆ ಎಂದು ಬೈಯುತ್ತ ರಾಯರು ತಮ್ಮ ಹೆಬ್ಬೆಟ್ಟು ಇಟ್ಟರು. ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು ಬಂದು, ಬೇರೆಯವರ ಅಡುಗೆಮನೆಗಳಲ್ಲಿ ಬೆಂದ ಬೆರಳು.

'ಪ್ಲೀಸ್ ಟ್ರೈ ಅಗೇನ್.'

ಯಂತ್ರ ಸರಿಯಿದೆಯೇ ಎಂದು ನಾನು ಒತ್ತಿ ನೋಡಿದೆ. 'ಥ್ಯಾಂಕ್ ಯೂ' ಎಂದಿತು.

"ಇದರ ಲೆಕ್ಕದಲ್ಲಿ ನಾನು ಇವತ್ತಿನವರೆಗೆ ಕೆಲಸಕ್ಕೇ ಬರ್ಲಿಲ್ಲ ರಾಯರೇ" ಎಂದ ಚೆನ್ನಯ.

"ನಾನೂ ಬರ್ಲಿಲ್ಲ ಮಾರಾಯ." ರಾಯರು ತಮ್ಮ ಹೆಬ್ಬೆಟ್ಟನ್ನು ಸ್ವಲ್ಪ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಪಂಚೆಗೆ ಒರೆಸಿಕೊಂಡು ನನ್ನತ್ತ ತಿರುಗಿದರು. "ಜಯಕ್ಕ, ಆ ಕಾಗದ ಎಲ್ಲಿ, ಕೊಡಿ."

ಐವತ್ತೆರಡು ಹಾಳೆಗೂ ಸಹಿ ಹಾಕಿದರು. ಸಹಿಯೊಂದೇ ಬೋಳು ಕಾಣುತ್ತದೆಂದು ಹೋಟೆಲಿನ ದುಂಡು ಠಸ್ಸೆಯನ್ನೂ ಒತ್ತಿದರು. ಹೆಸರಿನ ಕೆಳಗೆ 'ಶುದ್ಧ ಶಾಕಾಹಾರಿ' ಎಂದಿತ್ತು.

ದುಂಡು ಠಸ್ಸೆ ಕಂಡದ್ದೇ ಕ್ಲಾರ್ಕಿನ ಮುಖ ಅರಳಿತು. ಇಷ್ಟು ದಿನ ಇದನ್ನೇ ಕೇಳುತ್ತಿದ್ದೆ ಎಂದ. ಆಮೇಲೆ ನಮ್ಮ ಪಗಾರದ ಅಂಕಿ ನೋಡಿ ಅವನ ಪೆನ್ನು ನಿಂತಿತು. ಹೋಟೆಲ್ ಲೈನಿನಲ್ಲಿ ತಿಂಗಳಿಗೆ ಹದಿನೆಂಟು ಸಾವಿರ ಕೊಡುತ್ತಾರೆಯೇ ಎಂದು ಮರಾಠಿಯಲ್ಲಿ ಕೇಳಿದ. ಹೌದು ಎಂದೆ. ತನ್ನ ಭಾವಮೈದುನನಿಗೂ ಅಲ್ಲಿ ಏನಾದರೂ ಸಿಕ್ಕೀತೇ ಎಂದ. ಅರ್ಜಿ ಸ್ವೀಕರಿಸಿದ ಚೀಟಿ ಕೈಗೆ ಬರುವವರೆಗೂ ನಾನು ಎಲ್ಲದಕ್ಕೂ ಹೌದು ಎನ್ನುತ್ತಲೇ ಇದ್ದೆ.