ಕರಿಗೆ ಕರಿ ಕೂಡಿಸ್ರಿ

ಹೊರಗಿನಿಂದ ಕೀಲಿ ಬಿದ್ದ ಸಪ್ಪಳ ಕೇಳಿದಾಗ ಮುಕುಂದ ಇನ್ನೂ ಸ್ಕ್ರೂಡ್ರೈವರ್ ಸುದ್ದಾ ಕೈಗೆ ತಗೊಂಡಿರಲಿಲ್ಲ.

"ಬಾಯಾರ, ಇದೇನ್ರೀ ಇದು?"

"ಸಿಟ್ಟಾಗಬ್ಯಾಡ್ರಿ ಮುಕುಂದರಾವ್," ಅನ್ನುತ್ತ ಲಲಿತಾಬಾಯಿ ಕಿಟಕಿಯ ಸರಳಿನಾಚೆ ಸ್ಟೂಲು ಹಾಕಿಕೊಂಡು ಕುಂತಳು. "ಹೋದ ವಾರ ರಿಪೇರಿಗೆ ಬಂದಾವ ಸ್ಕ್ರೂ ತರ್ತೀನಂತ ಕಲಬುರಗಿ ಬಸ್ ಹತ್ತಿದ. ಅವನಕಿಂತ ಮೊದಲು ಬಂದಾವ ಚಾ ಕುಡದು ಬರ್ತೀನಂತ ಹೋದ. ಇಬ್ಬರೂ ಇನ್ನಾ ಬಂದಿಲ್ಲ. ಕಂಪ್ಯೂಟರ್ ಚಾಲೂ ಮಾಡ್ರಿ, ಕೀಲಿ ತಗೀತೀನಿ. ಚಾ ಇಲ್ಲೇ ಕೊಡ್ತೀನಿ."

ಹಾಗೆ ಹೇಳಿ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಕಮಲಾಪುರದ ಬಸ್‌ಸ್ಟ್ಯಾಂಡಿನ ಎದುರಿಗೆ ಒಂದೇ ಕೋಣೆಯ ಟೈಪಿಂಗ್ ಕ್ಲಾಸು ಆಕೆಯದು. ಏಳು ಟೈಪ್‌ರೈಟರು, ಒಂದು ಕಂಪ್ಯೂಟರು. ಆ ಕಂಪ್ಯೂಟರು ದಸರೆಯ ಖಂಡೆಪೂಜೆಯ ದಿನದಿಂದ, ಅಂದರೆ ಮೂರು ತಿಂಗಳಿಂದ, ಸತ್ತು ಕೂತಿತ್ತು. ಇವತ್ತು ಮೂರು ಗಂಟೆಗೆ ಕ್ಲಾಸು ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಯಂತ್ರ ಓಡಿದರೆ ಕಂಪ್ಯೂಟರ್ ಕಲಿಸಲು ಮಂಜೂರಿ. ಓಡದಿದ್ದರೆ ಕೋಣೆಯನ್ನು ಗೊಬ್ಬರದ ಅಂಗಡಿಗೆ ಕೊಡುತ್ತೇನೆಂದು ಆಕೆಯ ಭಾವ ನಾಗಣ್ಣ ಆಗಲೇ ಹೇಳಿಬಿಟ್ಟಿದ್ದ. ಕೋಣೆ ಅವನದು.

ಮುಕುಂದ ಕ್ಯಾಬಿನೆಟ್ ಬಿಚ್ಚಿದ. ಆಕೆ ತರಿಸಿಟ್ಟಿದ್ದ ಹೊಸ ಮದರ್‌ಬೋರ್ಡನ್ನು ಕೂಡಿಸಿ ಸ್ಕ್ರೂ ಬಿಗಿದ. ಇನ್ನು ಉಳಿದದ್ದು ಪವರ್ ಸಪ್ಲೈ. ಅದು ಹಳೆಯದೇ. ಅದರಿಂದ ಎರಡು ಪ್ಲಗ್ಗು ಬರುತ್ತವೆ, ಬೋರ್ಡಿನ ಮೇಲೆ ಅವು ಅಕ್ಕಪಕ್ಕ ಕೂಡಬೇಕು. ಒಂದೊಂದು ಪ್ಲಗ್ಗಿನ ಒಂದು ತುದಿಗೆ ಎರಡೆರಡು ಕರಿ ವೈರು ಇರುತ್ತವೆ, ಆ ಕರಿ ವೈರುಗಳು ನಡುವೆ ಒಂದರ ಮಗ್ಗುಲಿಗೆ ಒಂದು ಬರಬೇಕು. ತಪ್ಪಿದರೆ ಬೋರ್ಡು ಸುಟ್ಟು ಕರಕಲು. ಕಲಬುರಗಿ ನೆಹರು ಗಂಜಿನ ಶಫಿ ಉಸ್ತಾದ್ ಮುಕುಂದನಿಗೆ ಕಲಿಸಿದ್ದ ಮೊದಲ ಪಾಠವೇ ಇದು: ಕರಿಗೆ ಕರಿ. ಅಲ್ಲೇ ಬ್ರಹ್ಮಪುರದಲ್ಲಿ ಸ್ವಂತ ರಿಪೇರಿ ಅಂಗಡಿ ಹಾಕಿದ ಮೇಲೆ ಮುಕುಂದ ಇದನ್ನೇ ಗಿರಾಕಿಗಳಿಗೆಲ್ಲ ಹೇಳುತ್ತ ಬಂದಿದ್ದ.

ಈಗ ಅವನ ಕೈಯಲ್ಲಿದ್ದ ಒಂದು ಪ್ಲಗ್ಗಿನಲ್ಲಿ ಕರಿ ವೈರು ಎರಡಲ್ಲ, ನಾಲ್ಕು. ಈ ತುದಿಗೆ ಎರಡು, ಆ ತುದಿಗೆ ಎರಡು. ಅವನೇನು ಬೆಚ್ಚಿ ಬೀಳಲಿಲ್ಲ. ಬೀಳುವುದೆಲ್ಲಿಂದ ಬಂತು, ಹಾಕಿದವನೇ ಅವನು! ದಸರೆಗಿಂತ ಮೊದಲು ಇದೇ ಸಪ್ಲೈ ಇಲಿ ಕಡಿದು ಅವನ ಅಂಗಡಿಗೆ ಬಂದಿತ್ತು. ಎರಡು ಕೆಂಪು ವೈರು ತುಂಡಾಗಿದ್ದವು, ಪ್ಲಗ್ಗು ತಿರುವುಮುರುವು ಕೂಡದಂತೆ ತಡೆಯುವ ಹಲ್ಲುಗಳೂ ಹೋಗಿದ್ದವು. ಅವತ್ತು ಅಂಗಡಿಯಲ್ಲಿ ಕೆಂಪು ವೈರು ಇರಲಿಲ್ಲ. ಯಾರು ನೋಡುತ್ತಾರೆ ಬಿಡು ಅಂತ ಕರಿ ವೈರನ್ನೇ ಬೆಸೆದು, ತಾನೇ ಬಂದು ಸರಿಯಾಗಿ ಕೂಡಿಸಿ ಹೋಗಿದ್ದ.

ಅದು ಸಿಕ್ಕಿದ್ದು ಲಲಿತಾಬಾಯಿಯ ಕೈಗೆ. ಖಂಡೆಪೂಜೆಗೆ ಟೈಪ್‌ರೈಟರುಗಳನ್ನು ಬಿಚ್ಚಿ ಒರೆಸಿದಂತೆ ಕಂಪ್ಯೂಟರನ್ನೂ ಬಿಚ್ಚಿ ಒರೆಸಿದಳು. ವಿಭೂತಿ, ಕುಂಕುಮ ಹಚ್ಚಿದಳು. ಆಮೇಲೆ ಮುಕುಂದ ಹೇಳಿಕೊಟ್ಟಂತೆಯೇ ಕರಿಗೆ ಕರಿ ಕೂಡಿಸಿ ಬಟನ್ ಒತ್ತಿದಳು. ಹೊಗೆ ಬಂತು. ಆ ಪ್ಲಗ್ಗು ತಿರುವಿ ಕೂತಿತ್ತು. ಸುಳ್ಳು ಕರಿ ನಡುವೆ ಬಂದು ಖರೆ ಕರಿ ಅಂಚಿಗೆ ಹೋಗಿತ್ತು.

ಮರುದಿನ ಬಂದ ಮುಕುಂದನಿಗೆ ಒಂದೇ ನೋಟಕ್ಕೆ ಎಲ್ಲ ತಿಳಿಯಿತು. ಅಷ್ಟಾದರೂ ಈ ಮಹಾಶಯ ಏನು ಹೇಳಿದ ಅಂತೀರಿ? ಹತ್ತು ಮಂದಿ ಹುಡುಗಿಯರ ಮುಂದೆ, ನಾಗಣ್ಣನ ಮುಂದೆ, "ಹೆಣ್ಮಕ್ಕಳು ಇದಕ್ಕ ಕೈ ಹಚ್ಚಬಾರದ್ರೀ" ಅಂದ. ಅವತ್ತಿನಿಂದ ನಾಗಣ್ಣ ಆಕೆಯ ಕೈಗೆ "ಸುಡೋ ಕೈ" ಅಂತ ಹೆಸರಿಟ್ಟ. ಆಕೆ ಕಂಪ್ಯೂಟರಿನ ಮೇಲಿನ ಧೂಳು ಒರೆಸುವುದನ್ನೂ ಬಿಟ್ಟಳು. ಮುಕುಂದ ಮೂರು ತಿಂಗಳು ಒಂದಿಲ್ಲೊಂದು ನೆಪ ಹೇಳಿ ಈ ಕಡೆ ತಲೆ ಹಾಕಿರಲಿಲ್ಲ. ಇವತ್ತು ಆಕೆಯೇ ಅಂಗಡಿಗೆ ಬಂದು ಬಸ್ಸಿನಲ್ಲಿ ಕೂಡಿಸಿಕೊಂಡು ಬಂದಿದ್ದಳು.

ಈಗಲೂ ಸುಮ್ಮನೆ ಸರಿಯಾಗಿ ಕೂಡಿಸಿ ಎದ್ದು ಹೋಗಬಹುದಿತ್ತು.

"ಮುಕುಂದರಾವ್," ಸರಳಿನ ಸಂದಿಯಿಂದ ಚಹಾದ ಲೋಟ ಒಳಗೆ ಬಂತು. "ಒಂದು ಮಾತು ಕೇಳ್ತೀನಿ. ಅವತ್ತ ನಾ ಕರಿಗೆ ಕರೀನೇ ಕೂಡಿಸಿದ್ದೆ. ದೇವರಾಣಿ. ನಾ ಎಲ್ಲಿ ತಪ್ಪಿದೆ, ತೋರಿಸ್ರಿ. ಬರೋ ಖಂಡೆಪೂಜಿಗೆ ಮತ್ತ ಬಿಚ್ಚಬೇಕಲ್ಲ."

ಮುಕುಂದ ಲೋಟ ಕೆಳಗಿಟ್ಟ. ಸುಳ್ಳು ಹೇಳಿದರೆ ಬರುವ ವರ್ಷ ಈ ಬೋರ್ಡೂ ಸುಡುತ್ತದೆ. ಖರೆ ಹೇಳಿದರೆ ಕಮಲಾಪುರದಿಂದ ಕಲಬುರಗಿ ಕೋಟೆಯ ತನಕ ಇದ್ದಬದ್ದ ಮಾನ ಹೋಗುತ್ತದೆ. ಬಾಗಿಲ ಕಡೆ ನೋಡಿದ, ಕೀಲಿ. ಕಿಟಕಿ ಕಡೆ ನೋಡಿದ, ಆಕೆ. ಗಡಿಯಾರದಲ್ಲಿ ಎರಡು ಗಂಟೆ.

"ನನ್ನ ಕೈನೇ ಕೆಟ್ಟದಿದ್ರ ಹಂಗರ ಹೇಳಿಬಿಡ್ರಿ," ಅಂದಳು ಆಕೆ. ಧ್ವನಿ ಸಣ್ಣದಾಗಿತ್ತು.

ಮುಕುಂದನಿಗೆ ನಾಚಿಕೆಯಿಂದ ಕಿವಿ ಸುಟ್ಟಂಗಾಯಿತು. "ಕೈ ಕೆಟ್ಟದ್ದಲ್ರೀ ಬಾಯಾರ. ಈ ಎರಡು ಕರಿ ವೈರು ನಾ ಹಾಕಿದ್ದು. ಕೆಂಪು ಇರಬೇಕಿತ್ತು. ಬೋರ್ಡ್ ಸುಟ್ಟಾಂವ ನಾನು. ನನಗ ಅವತ್ತೇ ಗೊತ್ತಿತ್ತು."

ಈಗ ಲಲಿತಾಬಾಯಿ ಸೆರಗಿನ ಗಂಟು ಬಿಚ್ಚುತ್ತಾಳೆ ಅಂತ ಮುಕುಂದ ಕಾಯ್ದ. ಆಕೆ ಬಿಚ್ಚಲಿಲ್ಲ. ಎದ್ದು ಹೋಗಿ ನಾಗಣ್ಣನನ್ನು ಕರೆದುಕೊಂಡು ಬಂದಳು. ಕ್ಲಾಸಿನ ಹುಡುಗಿಯರೂ ಬಂದು ಕಿಟಕಿಗೆ ಮುತ್ತಿದರು.

"ಅವತ್ತ ಎಲ್ಲಾರ ಮುಂದ ಹೇಳಿದ್ರಿ. ಇವತ್ತೂ ಎಲ್ಲಾರ ಮುಂದ ಹೇಳ್ರಿ."

ಮುಕುಂದ ಸರಳು ಹಿಡಿದುಕೊಂಡು ಹೇಳಿದ. ಮೊದಲ ಸಲ ಧ್ವನಿಯೇ ಹೊರಡಲಿಲ್ಲ. "ಕೇಳಿಸ್ಲಿಲ್ರೀ ಸರ್," ಅಂದಳು ಹಿಂದೆ ನಿಂತ ಹುಡುಗಿ ಕುಲ್ಸುಮ್. ಎರಡನೇ ಸಲ ಗಟ್ಟಿಯಾಗಿ ಹೇಳಿದ.

"ಆತು ಬಿಡ್ರೀ, ಈಗ್ಯಾಕ ಆ ಮಾತು," ಅಂತ ನಾಗಣ್ಣ ಟೊಪ್ಪಿಗೆ ಸರಿಮಾಡಿಕೊಂಡ.

ಆಗ ಕೀಲಿ ತೆರೆಯಿತು. ಲಲಿತಾಬಾಯಿ ಒಳಗೆ ಬಂದವಳೇ ಹಣೆಗೆ ಹಚ್ಚುವ ನೀರು ಕುಂಕುಮದ ಶೀಸೆ ತೆಗೆದಳು. "ಸುಳ್ಳು ಕರಿ ಯಾವು, ತೋರಿಸ್ರಿ." ಮುಕುಂದ ತೋರಿಸಿದ. ಎರಡೂ ವೈರಿಗೆ ಕೆಂಪಗೆ ಬಳಿದಳು. ಒಣಗಿದ ಮೇಲೆ ಪ್ಲಗ್ಗು ತಾನೇ ಎತ್ತಿಕೊಂಡಳು. ಕರಿಗೆ ಕರಿ ಕೂಡಿಸಿ, ಕಣ್ಣು ಮುಚ್ಚಿ ಬಟನ್ ಒತ್ತಿದಳು. ಫ್ಯಾನು ತಿರುಗಿತು, ಕಂಪ್ಯೂಟರು ಬೀಪ್ ಅಂತು, ಪರದೆಯ ಮೇಲೆ ಬಿಳಿ ಅಕ್ಷರ ಮೂಡಿದವು. ಹುಡುಗಿಯರು ಹೋ ಅಂತ ಕೂಗಿದರು.

ಮೂರಕ್ಕೆ ಬಂದ ಸಾಹೇಬರು ಇನ್ನೂ ಮುಚ್ಚದ ಕ್ಯಾಬಿನೆಟ್ಟಿನೊಳಗೆ ಬಗ್ಗಿ ನೋಡಿದರು. "ವೈರಿಗೆ ಕುಂಕುಮ! ಯಾರ್ರೀ ಇದನ್ನ ಕೂಡಿಸಿದವರು?"

ನಾಗಣ್ಣ ಮುಕುಂದನ ಮಾರಿ ನೋಡಿದ. ಬಾಗಿಲು ತೆರೆದೇ ಇತ್ತು. ಹೊರಗೆ ಕಲಬುರಗಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಮುಕುಂದ ಎದ್ದು ಹೋಗಲಿಲ್ಲ, ತಲೆ ತಗ್ಗಿಸಿ ನಿಂತ.

"ನಾನು ರೀ," ಅಂದಳು ಲಲಿತಾಬಾಯಿ. ಬೆರಳಿಗೆ ಹತ್ತಿದ ಕೆಂಪು ಒರೆಸದೆ ಕೈ ಮುಂದೆ ಮಾಡಿದಳು. "ಈ ಕೈಲೇ."