ಮೇವಿಸ್ ಆಂಟಿಯ ಅಂಗೈ

ಎರಡು ಸಾವಿರದ ನಾಲ್ಕರಲ್ಲಿ ನಾನು ಡ್ಯಾಂಡಿನಾಂಗಿನ ಒಂದು ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸಕ್ಕೆ ಸೇರಿದೆ. ಅಲ್ಲಿದ್ದ ಮೇವಿಸ್ ಆಂಟಿ ಆಸ್ಟ್ರೇಲಿಯದ ಮೂಲನಿವಾಸಿ ಹೆಂಗಸು. ಸಿಡ್ನಿಯಾಚೆ, ಕಪ್ಪು ಮಕ್ಕಳನ್ನು ಬಿಳಿಯರಿಂದ ಬೇರೆಯಿಟ್ಟು ನಡೆಸುತ್ತಿದ್ದ ಶಾಲೆಗೆ ಆ ಮಕ್ಕಳ ಸಮುದಾಯದಿಂದಲೇ ಬಂದ ಮೊದಲ ಹೆಡ್‌ಮಿಸ್ಟ್ರೆಸ್. ದಿನಾ ಬೆಳಿಗ್ಗೆ ಮಕ್ಕಳ ಕೈ ಕೊಳಕಾಗಿದೆಯೇ ನೋಡಬೇಕೆಂದು ಮೇಲಿನವರ ಕಟ್ಟಪ್ಪಣೆ. ಬಿಳಿಯ ಮಕ್ಕಳಿಗೆ ಇಂಥದ್ದೇನೂ ಇರಲಿಲ್ಲ, ಬಿಡಿ. ಆಂಟಿ ಗೇಟಿನಲ್ಲಿ ನಿಂತು ಮೊದಲು ತಮ್ಮ ಕೈಯನ್ನೇ ಮಕ್ಕಳ ಮುಂದೆ ಚಾಚುತ್ತಿದ್ದರಂತೆ. ಮಕ್ಕಳು ನೋಡಿ ಒಪ್ಪಿದ ಮೇಲೆಯೇ ಬೆಲ್.

ನಾನು ಸೇರುವ ಹೊತ್ತಿಗೆ ಅವರ ನೆನಪೆಲ್ಲ ಮಸುಕಾಗಿತ್ತು. ಕಿಟಕಿಯಾಚೆಯ ಮಂಜಿನಲ್ಲಿ ಅಂದಿನ ಆ ಮಕ್ಕಳು ಸಾಲಾಗಿ ಬರುವುದು ಮಾತ್ರ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಸ್ನಾನಕ್ಕೆ ಎಬ್ಬಿಸಲು ಹೋದಾಗ ನನ್ನೆದುರು ಎರಡೂ ಅಂಗೈ ಚಾಚಿ ಕಾದರು.

"ಟೈಮ್ ಇಲ್ಲ ಗುಣವತಿ ಅವ್ರೇ, ಬೇಗ ಮುಗಿಸಿ," ಎಂದು ನನ್ನನ್ನು ಅವಸರಿಸಿದಳು ಜೊತೆ ಕೆಲಸದ ಕೃಪಾ.

ನನಗೆ ರೇಗಿತು. ಗ್ಲವ್ಸ್ ಕಿತ್ತೆಸೆದು ಆಂಟಿಯ ಕೈಗಳನ್ನು ತಿರುವಿ ನೋಡಿ ತಲೆಯಾಡಿಸಿದೆ. ಆಮೇಲೆ ನನ್ನ ಕೈ ಚಾಚಿದೆ.

ಉಡುಪಿಯಲ್ಲಿ ನನ್ನಮ್ಮ ಜಾತಿಯ ಕಾರಣಕ್ಕೆ ಶಾಲೆಯ ಹೊರಜಗಲಿಯಲ್ಲಿ ಕೂತು ಅಕ್ಷರ ಕಲಿತವಳು. ಅದನ್ನು ಇಲ್ಲಿ ಯಾರಿಗೂ ಹೇಳಿರಲಿಲ್ಲ.

ಆಂಟಿ ನನ್ನ ಕೈ ಬಿಡದೆ, "ಒಳಗೆ ಬಾ ಮಗು," ಎಂದರು. "ಮುಂದಿನ ಬೆಂಚು ಖಾಲಿ ಇದೆ."