ತಳ ಹಾಕದ ಡಬ್ಬಿ

ನನಗೂ ಅತ್ತೆಗೂ ಹನ್ನೊಂದು ವರ್ಷದಿಂದ ಎಣ್ಣೆ ಸೀಗೇಕಾಯಿ ಸಂಬಂಧ. ಅಂಥವಳು ಒಂದು ಬೆಳಿಗ್ಗೆ ಹಿತ್ತಿಲ ಕೆಲಸದ ಕೋಣೆಗೆ ಹೋಗಿ, "ನನಗೂ ಡಬ್ಬಿ ಮಾಡೋದು ಕಲಿಸಿ ಅತ್ತೆ" ಅಂದಾಗ ಅವರು ಕೈಯಲ್ಲಿದ್ದ ಉಳಿ ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಯಾಕೆ, ಒಳಗೆ ಜಗಳಕ್ಕೆ ಯಾರೂ ಸಿಗಲಿಲ್ವಾ?"

ಮರದ ಡಬ್ಬಿ ಮಾಡುವ ವಿದ್ಯೆ ಅತ್ತೆಗೆ ಅವರ ತಂದೆಯಿಂದ ಬಂದದ್ದು. ಅತ್ತೆಯಿಂದ ಅವರ ಮಗನಿಗೆ, ಅಂದರೆ ನಮ್ಮವರಿಗೆ. ನಮ್ಮವರು ಹೋಗಿ ಆಗ ಐದು ತಿಂಗಳಾಗಿತ್ತು. ಎರಡೇ ದಿನದ ಜ್ವರ. ಅವರು ಕೂರುತ್ತಿದ್ದ ಮಣೆ ಗೋಡೆಗೆ ಒರಗಿಕೊಂಡಿತ್ತು. ಅತ್ತೆ ಅದನ್ನು ನನ್ನ ಮುಂದೆ ಹಾಕಿದರು.

ನಿಜವಾದ ಕಾರಣವನ್ನು ನಾನು ಹೇಳಲಿಲ್ಲ. ನಮ್ಮವರ ಕೊನೆಯ ಡಬ್ಬಿ ನನ್ನ ಬೀರುವಿನಲ್ಲಿ ಬಟ್ಟೆಗಳ ಕೆಳಗಿತ್ತು. ಅದರ ಸುತ್ತಿನ ಗೋಡೆ ಕೊರೆದು ಮುಗಿದಿತ್ತು, ತಳ ಹಾಕಿರಲಿಲ್ಲ. ಜ್ವರ ಬರುವ ಹಿಂದಿನ ಸಂಜೆ ಅತ್ತೆ ಮಗಳ ಮನೆಗೆ ಹೋಗಿದ್ದರು. ತಳ ಕೂರಿಸುವಾಗ ಒಬ್ಬರು ಡಬ್ಬಿ ಹಿಡಿದುಕೊಳ್ಳಬೇಕು.

"ಒಂದು ನಿಮಿಷ ಬಾರೇ, ಹಿಡ್ಕೋ" ಅಂತ ನಮ್ಮವರು ಕರೆದರು.

ನಾನು ಬಟ್ಟೆ ಮಡಿಸುತ್ತಿದ್ದೆ. "ನಾಳೆ ಹಿಡೀತೀನಿ, ಈಗ ಆಗಲ್ಲ" ಅಂದೆ.

ನಾಳೆ ಎಂದವನ ಮನೆ ಹಾಳು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಆ ಡಬ್ಬಿಗೆ ನನ್ನ ಕೈಯಾರೆ ತಳ ಹಾಕಬೇಕು, ನನಗೆ ಬೇಕಾಗಿದ್ದು ಇಷ್ಟೇ. ಅವರು ಕರೆದಾಗ ಹೋಗಲಿಲ್ಲ, ಈಗಲಾದರೂ ಹೋದಂತಾಗುತ್ತದೆ ಅನ್ನಿಸಿತ್ತು.

ಈ ಕೆಲಸಕ್ಕೆ ಹಸಿ ಮರವೇ ಆಗಬೇಕು. ಕಡಿದು ವಾರವಾಗದ ಕೊಂಬೆಯನ್ನು ಗೇಣುದ್ದ ಕೊಯ್ದು, ನಡುವೆ ಬೈರಿಗೆಯಿಂದ ತೂತು ಕೊರೆದು, ಉಳಿಯಿಂದ ಅಗಲ ಮಾಡಿ, ಕೊನೆಗೆ ಬಾಗಿದ ಚಾಕುವಿನಿಂದ ಗೋಡೆಯನ್ನು ಬೆರಳು ದಪ್ಪಕ್ಕೆ ಹೆರೆಯಬೇಕು. ಅತ್ತೆಯ ಕೈಯಲ್ಲಿ ಅದು ಸೌತೆಕಾಯಿ, ನನ್ನ ಕೈಯಲ್ಲಿ ಕಲ್ಲು. ಚಾಕು ಮೊಂಡು ಅಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅನ್ನುತ್ತಾ ಅವರು ಅದೇ ಚಾಕುವಿನಿಂದ ಕಾಗದದಷ್ಟು ತೆಳ್ಳಗೆ ಒಂದು ಸಿಪ್ಪೆ ತೆಗೆದು ನನ್ನ ಮಡಿಲಿಗೆ ಹಾಕಿದರು.

ಗೋಡೆ ಹೆರೆಯುವಷ್ಟು ಕೈ ಪಳಗಲು ಎರಡು ತಿಂಗಳು ಹಿಡಿಯಿತು. ಆಮೇಲೆ ಗೋಡೆಯ ಬುಡದಲ್ಲಿ, ಒಳಗಡೆ ಸುತ್ತಲೂ ಒಂದು ಗೀರು ಕೊರೆಯಬೇಕು. ಚೆನ್ನಾಗಿ ಒಣಗಿದ ಹಲಗೆಯಿಂದ ಕತ್ತರಿಸಿದ ಬಿಲ್ಲೆಯನ್ನು ಆ ಗೀರಿನೊಳಗೆ ಕೂರಿಸಿದರೆ ಅದೇ ತಳ. ಮೊಳೆಯೂ ಇಲ್ಲ, ಅಂಟೂ ಇಲ್ಲ. ಅಂಟಿಲ್ಲ ಅಂದಮೇಲೆ ಬಿಗಿಯಾಗಿರಲಿ ಅಂತ ನಾನು ಗುದ್ದಿ ಗುದ್ದಿ ಕೂರಿಸಿದೆ. ನಾಲ್ಕನೇ ದಿನ ಡಬ್ಬಿ ಮೇಲಿಂದ ಕೆಳಗೆ ಸೀಳಿತು. ಎರಡನೆಯದನ್ನು ಇನ್ನೂ ಬಿಗಿ ಮಾಡಿದೆ, ಅದು ಮೂರೇ ದಿನಕ್ಕೆ ಸೀಳಿತು. ಮೂರನೆಯದೂ ಅದೇ ಹಾದಿ ಹಿಡಿಯಿತು. ಅತ್ತೆ ಒಡೆದದ್ದು ಹಳೇ ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ ಅನ್ನುವ ಗಾದೆ ನೆನೆದು ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಅವರು ಬೈಯಲಿಲ್ಲ.

"ತಳ ಸಡಿಲ ಇರಲಿ. ಅಲ್ಲಾಡಿಸಿದ್ರೆ ಕಟಕಟ ಅನ್ನಬೇಕು."

"ಬಿದ್ದು ಹೋಗಲ್ವಾ?"

"ತಳ ಒಣಗಿರೋದು, ಅದು ಇದ್ದ ಹಾಗೇ ಇರುತ್ತೆ. ಗೋಡೆ ಹಸಿ. ಒಣಗ್ತಾ ಒಣಗ್ತಾ ತಾನೇ ಕುಗ್ಗಿ ಬಂದು ಹಿಡ್ಕೊಳ್ಳುತ್ತೆ. ನೀನು ಮೊದಲೇ ಬಿಗಿ ಮಾಡಿದ್ರೆ ಅದು ಎಲ್ಲಿಗೆ ಅಂತ ಕುಗ್ಗಬೇಕು? ಸೀಳುತ್ತೆ."

ನಾಲ್ಕನೆಯ ಡಬ್ಬಿಯನ್ನು ನೆರಳಲ್ಲಿಟ್ಟು ದಿನವೂ ಕಿವಿಯ ಹತ್ತಿರ ಅಲ್ಲಾಡಿಸಿದೆ. ಏಳನೆಯ ದಿನ ಸದ್ದು ಕುಗ್ಗಿತು. ಹನ್ನೆರಡನೆಯ ದಿನ ಸದ್ದೇ ಇರಲಿಲ್ಲ. ಹೆಬ್ಬೆರಳಿನಿಂದ ಒತ್ತಿದೆ, ತಳ ಕದಲಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಬಾಯಿಬಿಟ್ಟು ನಕ್ಕೆ. ನಗುತ್ತಿರುವಾಗಲೇ ಬೀರುವಿನಲ್ಲಿದ್ದ ಡಬ್ಬಿ ನೆನಪಾಯಿತು. ಹಸಿ ಗೋಡೆಯಾದರೆ ಹಿಡಿಯುತ್ತದೆ. ನಮ್ಮವರದು ಎಂಟು ತಿಂಗಳಿಂದ ಅಲ್ಲಿ ಒಣಗುತ್ತಿತ್ತು.

ಒಳಗೆ ಹೋಗಿ ಅದನ್ನು ತಂದು ಅತ್ತೆಯ ಮುಂದಿಟ್ಟೆ. ಅವರು ಬಹಳ ಹೊತ್ತು ಮುಟ್ಟಲೇ ಇಲ್ಲ.

"ಇದು ನಿನ್ನ ಹತ್ರ ಇತ್ತಾ? ಮನೆಯೆಲ್ಲಾ ಹುಡುಕಿದ್ದೆ."

"ಇದಕ್ಕೆ ತಳ ಹಾಕೋಕೇ ಕಲಿತಿದ್ದು ಅತ್ತೆ. ನೀರಲ್ಲಿ ನೆನೆಸಿದ್ರೆ?"

"ಸೀಳುತ್ತೆ. ಅಂಟು ಹಾಕಿದ್ರೆ ನಿಲ್ಲಬಹುದು. ಅವನು ಹಾಕ್ತಿರಲಿಲ್ಲ."

ಆಗ ಎಲ್ಲವನ್ನೂ ಹೇಳಿದೆ. ನಮ್ಮವರು ಕರೆದದ್ದು, ನಾನು ನಾಳೆ ಅಂದದ್ದು. ಒಂದು ನಿಮಿಷದ ಕೆಲಸ, ಅದನ್ನೂ ಮಾಡಲಿಲ್ಲ, ನನ್ನಿಂದಲೇ ಇದು ಹೀಗೆ ಉಳಿಯಿತು ಅಂತ ಅಳುತ್ತಾ ಹೇಳಿದೆ. ನನಗೆ ನಮ್ಮವರು ಬೇಕು, ಈಗಲೇ ಬೇಕು ಅಂತಲೂ ಅಂದೆ. ಯಾರ ಮುಂದೆಯೂ ಆ ಮಾತು ಆಡಿರಲಿಲ್ಲ.

ಅತ್ತೆ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು.

"ಒಂದು ದಿನ ತಡ ಆದ್ರೆ ಏನೂ ಆಗಲ್ಲ ಕಣೇ. ಒದ್ದೆ ಬಟ್ಟೆ ಸುತ್ತಿಟ್ರೆ ವಾರವಾದ್ರೂ ಹಸಿಯಾಗೇ ಇರುತ್ತೆ. ಅವನು ಸುತ್ತಿಟ್ಟಿದ್ದ. ಮಾರನೇ ದಿನ ಜ್ವರ ಅಂತ ಕೇಳಿ ನಾನು ಓಡಿ ಬಂದಾಗ ಅವನ ಕೋಣೆ ಕಿಟಕೀಲೇ ಇತ್ತು."

"ಮತ್ತೆ?"

"ಆ ಬಟ್ಟೆ ಬಿಚ್ಚಿದ್ದು ನಾನು. ಅವನ ಹಣೆ ಕಾದ ಹೆಂಚಾಗಿತ್ತು. ಮನೆಯಲ್ಲಿ ಹತ್ತು ಬಟ್ಟೆ ಇತ್ತು, ಆದ್ರೆ ಕೈಗೆ ಸಿಕ್ಕಿದ್ದು ಅದೇ. ನೀನು ಡಾಕ್ಟರನ್ನ ಕರೆಯೋಕೆ ಹೋಗಿದ್ದೆ."

ಡಾಕ್ಟರ ಜೊತೆ ನಾನು ಬರುವಷ್ಟರಲ್ಲಿ ನಮ್ಮವರಿಗೆ ಮಾತು ನಿಂತಿತ್ತು. ಕಡೆಗೆ ಏನಾದರೂ ಅಂದರಾ ಅಂತ ಅತ್ತೆಯನ್ನು ಕೇಳುವ ಧೈರ್ಯ ನನಗೆ ಬಂದಿರಲಿಲ್ಲ. ಅವರೂ ಹೇಳಿರಲಿಲ್ಲ.

"ಬಟ್ಟೆ ಹಾಕಿದ ತಕ್ಷಣ ಕಣ್ಣು ಬಿಟ್ಟ. ತಂಪಾಗಿದೆ ಅಮ್ಮ, ಹಸಿ ಮರದ ವಾಸನೆ ಬರ್ತಿದೆ ಅಂದ. ಆಮೇಲೆ, ಅವಳು ಬಂದ್ಳಾ, ಹಿಡ್ಕೊಂಡಿದ್ದಾಳಾ ಅಂತ ಕೇಳಿದ. ಏನು ಹಿಡ್ಕೊಳ್ಳೋದು ಅಂತ ನನಗೇನು ಗೊತ್ತು? ಜ್ವರದ ಬಡಬಡಿಕೆ ಅಂದ್ಕೊಂಡೆ. ಹೂಂ, ಬಂದಿದ್ದಾಳೆ, ಗಟ್ಟಿಯಾಗಿ ಹಿಡ್ಕೊಂಡಿದ್ದಾಳೆ ಅಂದೆ. ಸರಿ ಹಾಗಾದ್ರೆ ಅಂತ ಕಣ್ಣು ಮುಚ್ಚಿದ."

"ಇನ್ನೊಂದು ಸಲ ಹೇಳಿ ಅತ್ತೆ" ಅಂದೆ.

ಅವರು ಮೊದಲಿನಿಂದ ಹೇಳಿದರು.